ಭಾಮೈದನಿಗೆ ದುಬೈ ಕೆಲಸ ಅಂತೆ, 40 ಸಾವಿರ ಕೊಟ್ಟಾಗಿದೆ. ನಿಜವೋ ಸುಳ್ಳೋ ಹೇಗೆ ನೋಡೋದು?

ಮಂಡಕ್ಕಿ_ಮಿರ್ಚಿ (ದಾವಣಗೆರೆ), ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನ್ನ ಭಾಮೈದ ಹರಿಹರದಲ್ಲಿ ವೆಲ್ಡರ್. ಐಟಿಐ ಮುಗಿಸಿ ನಾಲ್ಕು ವರ್ಷ ಆಯ್ತು. ಗ್ರಿಲ್, ಗೇಟು, ಟ್ರ್ಯಾಕ್ಟರ್ ಟ್ರೇಲರ್, ಇದೇ ಕೆಲಸ. ಕೈಗೆ ತಿಂಗಳಿಗೆ 16 ಸಾವಿರ ಬರುತ್ತೆ. ಹೋದ ತಿಂಗಳು ಒಂದು ಮದುವೆ ಮನೆಯಲ್ಲಿ ನಮ್ಮತ್ತೆ ಕಡೆಯ ಸಂಬಂಧಿಕರೊಬ್ಬರು ಇವನಿಗೆ ಒಂದು ನಂಬರ್ ಕೊಟ್ಟರು. "ನಮ್ಮ ಹುಡುಗನೇ, ಎಷ್ಟೋ ಜನರನ್ನ ದುಬೈಗೆ ಕಳಿಸಿದ್ದಾನೆ" ಅಂದರು.

ಆಮೇಲೆ ಎಲ್ಲ ಬಹಳ ಬೇಗ ನಡೆದುಹೋಯ್ತು. ವಾಟ್ಸಾಪ್‌ನಲ್ಲಿ ನಾಲ್ಕು ನಿಮಿಷದ ವಿಡಿಯೋ ಕಾಲ್. ಕೋಟು ಹಾಕಿದವನೊಬ್ಬ ಹಿಂದಿಯಲ್ಲಿ "ವೆಲ್ಡಿಂಗ್ ಬರುತ್ತಾ?" ಅಂತ ಕೇಳಿದ. ಇವನು ಬರುತ್ತೆ ಸರ್ ಅಂದ. ಅಷ್ಟೇ, ಸೆಲೆಕ್ಟ್. ಮರುದಿನ ಆಫರ್ ಲೆಟರ್ ಬಂತು. ತಿಂಗಳಿಗೆ 2,800 ದಿರ್ಹಮ್, ಊಟ, ರೂಮು ಫ್ರೀ. ಒಟ್ಟು ಖರ್ಚು 1 ಲಕ್ಷ 60 ಸಾವಿರ. ಅದರಲ್ಲಿ 40 ಸಾವಿರ ವೀಸಾ ಪ್ರೊಸೆಸಿಂಗ್ ಅಂತ ಮೊದಲೇ ಕೊಡಬೇಕು. ನಮ್ಮವನು ಫೋನ್‌ಪೇ ಮಾಡಿಬಿಟ್ಟಿದ್ದಾನೆ. ಅದೂ ಕಂಪನಿ ಖಾತೆಗಲ್ಲ, ಯಾರೋ ಹೆಣ್ಣುಮಗಳ ಖಾತೆಗೆ. ಪಾಸ್‌ಪೋರ್ಟ್ ಒರಿಜಿನಲ್ ಕೂಡ ಅವರ ಹತ್ತಿರವೇ ಇದೆ. ಉಳಿದ 1 ಲಕ್ಷ 20 ಸಾವಿರಕ್ಕೆ ನಮ್ಮ ಮಾವ ಎಮ್ಮೆ ಮಾರೋಕೆ ಗಿರಾಕಿ ಹುಡುಕ್ತಿದ್ದಾರೆ, ಅತ್ತೆ ಸಂಘದಲ್ಲಿ ಸಾಲ ಕೇಳಿದ್ದಾರೆ.

ಆಫೀಸು ಪಿ.ಬಿ. ರಸ್ತೆ ಕಡೆ ಒಂದು ಕಾಂಪ್ಲೆಕ್ಸಿನ ಮೇಲಿನ ಮಹಡಿಯಲ್ಲಿ. ಕೆಳಗೆ ಜೆರಾಕ್ಸ್ ಅಂಗಡಿ. ಗೋಡೆ ಮೇಲೆ ಬುರ್ಜ್ ಖಲೀಫಾ ಫೋಟೊ, ಫ್ರೇಮ್ ಹಾಕಿಸಿದ ಎರಡು ಸರ್ಟಿಫಿಕೇಟ್. ಬೋರ್ಡಿನ ಮೇಲೆ ಲೈಸೆನ್ಸ್ ನಂಬರ್ ಕೂಡ ಇದೆ. ಹಾಗಾಗಿ ಮನೆಯವರೆಲ್ಲ ನನ್ನನ್ನೇ ಬಯ್ಯುತ್ತಿದ್ದಾರೆ, ಹುಡುಗ ಉದ್ಧಾರ ಆಗೋದು ನಿನಗೆ ಇಷ್ಟ ಇಲ್ಲ ಅಂತ. ಶುಕ್ರವಾರದೊಳಗೆ ಬಾಕಿ ಕಟ್ಟಬೇಕಂತೆ. ತಿಳಿದವರು ಹೇಳಿ.

ಜಗಳೂರು_ಬಯಲು, ಸೋಮವಾರ ರಾತ್ರಿ 9:52

ಅಣ್ಣಾ, ಶುಕ್ರವಾರ ಅಂದರು ಅಂದ್ರೆ ಮುಗೀತು. ನನಗೂ ಶುಕ್ರವಾರವೇ ಹೇಳಿದ್ದರು. ಎಮ್ಮೆ ಮಾರಬೇಡಿ. ಅದೊಂದು ಮೊದಲು ನಿಲ್ಲಿಸಿ. ನನ್ನ ಕತೆ ನಾಳೆ ಬರೀತೀನಿ, ಈಗ ಡ್ಯೂಟಿಯಲ್ಲಿದ್ದೀನಿ.

ಪಿಬಿರೋಡ್_ಪಂಡಿತ, ಸೋಮವಾರ ರಾತ್ರಿ 10:15

ಸುಮ್ನೆ ಹೆದರಿಸಬೇಡ್ರಪಾ. ಏಜೆಂಟ್ ಇಲ್ಲದೆ ನಮ್ಮ ಕಡೆಯ ಹುಡುಗರು ಯಾರು ಗಲ್ಫ್ ನೋಡಿದ್ದಾರೆ? ನಮ್ಮ ಬೀದಿಯಲ್ಲೇ ಮೂರು ಜನ ಇದ್ದಾರೆ, ಮೂವರೂ ಲಕ್ಷದ ಮೇಲೆ ಕೊಟ್ಟೇ ಹೋಗಿದ್ದು. ಈಗ ಮನೆ ಮೇಲೆ ಮನೆ ಕಟ್ಟಿದ್ದಾರೆ. ಕೆಲಸ ಕೊಡಿಸೋನು ದುಡ್ಡು ತಗೊಳ್ಳದೆ ಧರ್ಮಕ್ಕೆ ಕೊಡಿಸ್ತಾನಾ?

ಸೈಬರ್_ಸೆಂಟರ್_ಅಕ್ಕ (ಚಿತ್ರದುರ್ಗ), ಸೋಮವಾರ ರಾತ್ರಿ 11:05

ಪಂಡಿತರೇ, ದುಡ್ಡು ತಗೋಬಾರದು ಅಂತ ಯಾರೂ ಹೇಳ್ತಿಲ್ಲ. ಎಷ್ಟು, ಯಾರು, ರಸೀದಿ ಕೊಟ್ಟು ತಗೊಂಡರಾ, ಅದು ಪ್ರಶ್ನೆ.

ನಾನು ಹನ್ನೊಂದು ವರ್ಷದಿಂದ ಪಾಸ್‌ಪೋರ್ಟ್ ಅರ್ಜಿ ತುಂಬಿಸೋ ಕೆಲಸ ಮಾಡ್ತಿದ್ದೀನಿ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯಿಂದ ಬರೋರು ಜಾಸ್ತಿ. ಹೊರದೇಶದ ಕೆಲಸಕ್ಕೆ ಜನ ಕಳಿಸೋರಿಗೆ 1983ರಿಂದಲೇ ಒಂದು ಕಾಯ್ದೆ ಇದೆ, ವಲಸೆ ಕಾಯ್ದೆ. ಅದರ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಇರಲೇಬೇಕು. ಆ ನೋಂದಣಿಗೆ 50 ಲಕ್ಷ ರೂಪಾಯಿ ಬ್ಯಾಂಕ್ ಗ್ಯಾರಂಟಿ ಇಡಬೇಕು, ಸಣ್ಣ ಮಟ್ಟದಲ್ಲಿ ಕಳಿಸೋರಿಗೆ 8 ಲಕ್ಷ. ಈಗ ಆ ಜೆರಾಕ್ಸ್ ಅಂಗಡಿ ಮೇಲಿನ ರೂಮನ್ನ ಕಣ್ಣಮುಂದೆ ತಂದುಕೊಳ್ಳಿ.

ಇನ್ನೊಂದು. ನೋಂದಣಿ ಇರೋ ಏಜೆಂಟು ಕೆಲಸಗಾರನಿಂದ ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000, ಮೇಲೆ ಜಿಎಸ್‌ಟಿ. ಎಲ್ಲ ಸೇರಿ 35,400. ರಸೀದಿ ಕೊಡಲೇಬೇಕು. ನಿಮ್ಮವನಿಂದ ಮೊದಲ ಕಂತಲ್ಲೇ ಅದನ್ನ ದಾಟಿಸಿದ್ದಾರೆ.

ಗೋಡೆ ಮೇಲಿನ ಆ ಎರಡು ಸರ್ಟಿಫಿಕೇಟ್ ಏನು ಅಂತ ಹತ್ತಿರ ಹೋಗಿ ಓದಿ. ನಾನು ಕಂಡಂತೆ ಸಾಮಾನ್ಯವಾಗಿ ಒಂದು ಜಿಎಸ್‌ಟಿ ನೋಂದಣಿ, ಇನ್ನೊಂದು ಉದ್ಯಮ್, ಅಂದ್ರೆ ಸಣ್ಣ ಉದ್ದಿಮೆಗಳ ನೋಂದಣಿ. ಎರಡನ್ನೂ ನಾನೇ ನನ್ನ ಅಂಗಡಿಯಲ್ಲಿ ಕೂತು ಮಾಡಿಕೊಡ್ತೀನಿ. ಉಪ್ಪಿನಕಾಯಿ ಮಾರೋರಿಗೂ ಅದು ಸಿಗುತ್ತೆ. ಅಶೋಕ ಚಕ್ರ ನೋಡಿ ಜನ ಕೈ ಮುಗೀತಾರೆ ಅಷ್ಟೇ.

ಲೈಸೆನ್ಸ್ ನಂಬರ್ ಇದೆ ಅಂದಿರಲ್ಲ, ಅದನ್ನ ಇ-ಮೈಗ್ರೇಟ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಹಾಕಿ ನೋಡಿ. ವಿಳಾಸ ಗವ್ ಡಾಟ್ ಇನ್ ಅಂತ ಮುಗಿಯಬೇಕು. ಚಾಲ್ತಿಯಲ್ಲಿರೋ ಏಜೆಂಟರ ಪಟ್ಟಿ ಅಲ್ಲೇ ಇದೆ. ನೋಂದಣಿ ಇಲ್ಲದೆ ದಂಧೆ ಮಾಡ್ತಾರೆ ಅಂತ ದೂರು ಬಂದವರ ಪಟ್ಟಿಯೂ ಬೇರೆ ಇದೆ.

ಮಂಡಕ್ಕಿ_ಮಿರ್ಚಿ, ಸೋಮವಾರ ರಾತ್ರಿ 11:48

ಅಕ್ಕಾ, ಹಾಕಿ ನೋಡಿದೆ. ನಂಬರ್ ನಿಜವಾಗ್ಲೂ ಇದೆ! ಮುಂಬೈ ಏಜೆನ್ಸಿ, ಚಾಲ್ತಿಯಲ್ಲಿದೆ ಅಂತ ತೋರಿಸ್ತಿದೆ. ಹೆಸರೂ ಅದೇ. ಹಾಗಾದ್ರೆ ಸರಿ ಅಲ್ವಾ? ನಾನೇ ತಪ್ಪು ತಿಳಿದೆನಾ?

ಪಿಬಿರೋಡ್_ಪಂಡಿತ, ಸೋಮವಾರ ರಾತ್ರಿ 11:50

ನಾನು ಹೇಳಲಿಲ್ವಾ.

ಸೈಬರ್_ಸೆಂಟರ್_ಅಕ್ಕ, ಮಂಗಳವಾರ ಬೆಳಿಗ್ಗೆ 7:10

ತಾಳಿ ತಾಳಿ. ನಂಬರ್ ನಿಜ, ಆದರೆ ಆ ನಂಬರ್ ಇವರದ್ದೇ ಅಂತ ಹೇಗೆ ಗೊತ್ತು? ನಾನು ನಿಮ್ಮ ಗಾಡಿ ನಂಬರ್ ಬರೆದ ಪ್ಲೇಟು ನನ್ನ ಸ್ಕೂಟಿಗೆ ಹಾಕಿಕೊಂಡರೆ ಗಾಡಿ ನನ್ನದಾಗುತ್ತಾ?

ಜಾಲತಾಣದಲ್ಲಿ ಆ ಏಜೆನ್ಸಿಯ ಫೋನ್ ನಂಬರ್, ವಿಳಾಸ ಎಲ್ಲ ಇರುತ್ತೆ. ಆ ನಂಬರಿಗೇ ಫೋನ್ ಮಾಡಿ. ಬೋರ್ಡ್ ಮೇಲಿರೋ ನಂಬರಿಗಲ್ಲ, ವಾಟ್ಸಾಪಲ್ಲಿ ಬಂದ ನಂಬರಿಗೂ ಅಲ್ಲ. ಎರಡು ಪ್ರಶ್ನೆ ಸಾಕು. ದಾವಣಗೆರೆಯಲ್ಲಿ ನಿಮ್ಮ ಶಾಖೆ ಇದೆಯಾ? ಈ ಕಂಪನಿಗೆ ವೆಲ್ಡರ್ ಬೇಕು ಅಂತ ನಿಮಗೆ ಬೇಡಿಕೆ ಬಂದಿದೆಯಾ?

"ನಾನು ಅವರ ಸಬ್ ಏಜೆಂಟ್" ಅಂದರೂ ಒಪ್ಪಬೇಡಿ. ನೋಂದಣಿ ಇಲ್ಲದ ಸಬ್ ಏಜೆಂಟ್ ಅನ್ನೋದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ.

ಶಾರ್ಜಾದಿಂದ_ಹೊನ್ನಾಳಿ, ಮಂಗಳವಾರ ಬೆಳಿಗ್ಗೆ 8:30

ನಾನು ಇಲ್ಲಿ ಫ್ಯಾಬ್ರಿಕೇಶನ್ ಯಾರ್ಡಿನಲ್ಲಿ ಫೋರ್‌ಮನ್. ಊರು ಹೊನ್ನಾಳಿ ಹತ್ತಿರ. ಹದಿನಾಲ್ಕು ವರ್ಷ ಆಯ್ತು.

ಲೈಸೆನ್ಸು ಗಿಯ್ಸೆನ್ಸು ಆಮೇಲೆ. ನನಗೆ ಅನುಮಾನ ಬಂದಿದ್ದು ಆ ವಿಡಿಯೋ ಕಾಲ್ ಓದಿದಾಗ. ವೆಲ್ಡರನ್ನ "ವೆಲ್ಡಿಂಗ್ ಬರುತ್ತಾ" ಅಂತ ಬಾಯಲ್ಲಿ ಕೇಳಿ ತಗೊಳ್ಳೋ ಕಂಪನಿ ಪ್ರಪಂಚದಲ್ಲೇ ಇಲ್ಲ. ನನ್ನನ್ನ ತಗೊಂಡಾಗ ಮುಂಬೈಯಲ್ಲಿ ಟ್ರೇಡ್ ಟೆಸ್ಟ್ ಸೆಂಟರಿಗೆ ಕರೆದಿದ್ದರು. 6 ಇಂಚಿನ ಪೈಪಿನ ಎರಡು ತುಂಡು ಕೊಟ್ಟರು. ಅದನ್ನ 45 ಡಿಗ್ರಿ ಓರೆಯಾಗಿ ಸ್ಟ್ಯಾಂಡಿಗೆ ಬಿಗಿದಿರ್ತಾರೆ. ಪೈಪ್ ತಿರುಗಿಸೋ ಹಾಗಿಲ್ಲ, ನಾವೇ ಸುತ್ತಬೇಕು. 6ಜಿ ಅಂತಾರೆ ಅದಕ್ಕೆ. ಕೆಳಗಡೆ ಬೆಸೆಯುವಾಗ ಕಿಡಿ ಎಲ್ಲ ಕುತ್ತಿಗೆಯೊಳಗೆ. ಮುಗಿದ ಮೇಲೆ ಎಕ್ಸ್‌ರೇ ಮಾಡ್ತಾರೆ, ಒಳಗೆ ಗುಳ್ಳೆ ಇದ್ದರೆ ಮನೆಗೆ. ನಮ್ಮ ಬ್ಯಾಚಿನ 22 ಜನರಲ್ಲಿ ಪಾಸಾಗಿದ್ದು 6 ಜನ. ಕಂಪನಿಯವನಿಗೆ ಬೇಕಾಗಿರೋದು ಕೈ. ಕೈ ನೋಡದೆ ತಗೊಂಡ ಅಂದರೆ ಅವನಿಗೆ ಬೇಕಾಗಿರೋದು ಬೇರೆ ಏನೋ.

ಆಫರ್ ಲೆಟರ್ ಬಗ್ಗೆ. ಯುಎಇಯಲ್ಲಿ ಕಂಪನಿ ತನ್ನ ಲೆಟರ್‌ಹೆಡ್ಡಲ್ಲಿ ಏನು ಬೇಕಾದ್ರೂ ಬರೆಯಬಹುದು. ನಡೆಯೋದು ಇಲ್ಲಿಯ ಕಾರ್ಮಿಕ ಸಚಿವಾಲಯದ ನಮೂನೆ. ಅದಕ್ಕೊಂದು ನಂಬರ್ ಇರುತ್ತೆ, ಸಚಿವಾಲಯದ ಜಾಲತಾಣದಲ್ಲಿ ಹಾಕಿ ನೋಡಬಹುದು. ಕೆಲಸಗಾರನಿಗೆ ಅರ್ಥ ಆಗೋ ಭಾಷೆಯಲ್ಲೂ ಇರಬೇಕು ಅಂತ ಹಿಂದಿ, ತಮಿಳು, ಮಲಯಾಳಂ ಎಲ್ಲದರಲ್ಲೂ ಮಾಡಿದ್ದಾರೆ. ಕನ್ನಡ ಇಲ್ಲ. ಅದು ಬೇರೆ ಸಂಕಟ, ಬಿಡಿ.

ಇನ್ನು ಖರ್ಚು. ಇಲ್ಲಿಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸಕ್ಕೆ ಕರೆಸಿಕೊಳ್ಳೋ ಖರ್ಚು ಮಾಲೀಕನದ್ದು. ಕೆಲಸಗಾರನಿಂದ ವಸೂಲಿ ಮಾಡೋ ಹಾಗಿಲ್ಲ. "ವೀಸಾ ಪ್ರೊಸೆಸಿಂಗ್ 40 ಸಾವಿರ" ಅನ್ನೋದು ಎಲ್ಲಿಂದ ಬಂತು?

ಆ ಲೆಟರಿನ ಫೋಟೊ ಹಾಕಿ. ಹೆಸರು, ಪಾಸ್‌ಪೋರ್ಟ್ ನಂಬರ್ ಮುಚ್ಚಿ ಹಾಕಿ.

ಪಿಬಿರೋಡ್_ಪಂಡಿತ, ಮಂಗಳವಾರ ಬೆಳಿಗ್ಗೆ 9:02

ಶಾರ್ಜಾ ಅಣ್ಣ, ನೀವು ಎಷ್ಟು ಕೊಟ್ಟು ಹೋಗಿದ್ದು? ನಿಜ ಹೇಳಿ.

ಶಾರ್ಜಾದಿಂದ_ಹೊನ್ನಾಳಿ, ಮಂಗಳವಾರ ಮಧ್ಯಾಹ್ನ 1:20

ನಿಜಾನೇ ಹೇಳ್ತೀನಿ. 85 ಸಾವಿರ. ನೋಂದಣಿ ಇದ್ದ ಏಜೆಂಟಿಗೇ. ರಸೀದಿ ಕೊಟ್ಟಿದ್ದು 20 ಸಾವಿರಕ್ಕೆ. ಮಿಕ್ಕಿದ್ದು ಟೇಬಲ್ ಕೆಳಗೆ. ಕೇಳೋ ಧೈರ್ಯ ನನಗೆ ಇರಲಿಲ್ಲ, ಹಿಂದೆ ಇನ್ನೂ ಐವತ್ತು ಜನ ನಿಂತಿದ್ದರು. ಆ ಸಾಲ ತೀರಿಸೋಕೆ ಹತ್ತು ತಿಂಗಳು ಹಿಡೀತು.

ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ ಪಂಡಿತರೇ. ಲೈಸೆನ್ಸ್ ಇರೋರೂ ಸುಲಿಗೆ ಮಾಡ್ತಾರೆ. ಆದರೆ ನನಗೆ ಇಳಿದ ದಿನ ಕಂಪನಿ ಬಸ್ಸು ಬಂದಿತ್ತು, ಕ್ಯಾಂಪಲ್ಲಿ ಮಂಚ ಇತ್ತು. ಸುಲಿಗೆಯೇ ಬೇರೆ, ಇದೇ ಬೇರೆ.

ಜಗಳೂರು_ಬಯಲು, ಮಂಗಳವಾರ ಮಧ್ಯಾಹ್ನ 2:45

ನನ್ನ ಕತೆ. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ.

ಎರಡು ವರ್ಷದ ಹಿಂದೆ. ಡ್ರೈವರ್ ಕೆಲಸ, ಕತಾರ್. ಕೊಟ್ಟಿದ್ದು 1 ಲಕ್ಷ 10 ಸಾವಿರ, ಮೂರು ಕಂತು. ನಂಬಿಕೆ ಬರಲಿ ಅಂತ ಕೊನೆ ಕಂತಿಗೆ ಮೊದಲು ವಿಮಾನದ ಟಿಕೆಟ್ ಕಳಿಸಿದರು. ಅದನ್ನ ವಿಮಾನ ಕಂಪನಿ ಜಾಲತಾಣದಲ್ಲಿ ನಾನೇ ಚೆಕ್ ಮಾಡಿದೆ ಕಣ್ರಿ! ನನ್ನ ಹೆಸರು ಇತ್ತು, ದಿನಾಂಕ ಇತ್ತು. ಖುಷಿಯಲ್ಲಿ ಬಾಕಿ ಹಣ ಕಳಿಸಿದೆ. ಊರಲ್ಲಿ ಎಲ್ಲರಿಗೂ ಹೇಳಿದೆ. ಅವ್ವ ಶೇಂಗಾ ಚಟ್ನಿಪುಡಿ, ಖಾರದಪುಡಿ ಕಟ್ಟಿದ್ದಳು. ದಾವಣಗೆರೆಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ವಿಮಾನ ನಿಲ್ದಾಣದ ಗೇಟಲ್ಲಿ ಯೂನಿಫಾರ್ಮಿನವರು ಟಿಕೆಟ್ ನೋಡಿ "ಇದು ಕ್ಯಾನ್ಸಲ್ ಆಗಿದೆ" ಅಂದರು.

ಆಮೇಲೆ ಗೊತ್ತಾಯ್ತು. ದುಡ್ಡು ಕಟ್ಟದೆ ಸೀಟು ಹಿಡಿದಿಡಬಹುದಂತೆ. ಆರು ಅಕ್ಷರದ ಪಿಎನ್‌ಆರ್ ಬರುತ್ತೆ, ಚೆಕ್ ಮಾಡಿದರೆ ಹೆಸರೂ ತೋರಿಸುತ್ತೆ. ಹಣ ಕಟ್ಟಲಿಲ್ಲ ಅಂದ್ರೆ ತಾನಾಗೇ ಬಿದ್ದುಹೋಗುತ್ತೆ. ಹಣ ಕಟ್ಟಿದ ಟಿಕೆಟ್ಟಿಗೆ 13 ಅಂಕಿಯ ಟಿಕೆಟ್ ನಂಬರ್ ಇರುತ್ತೆ. ನನ್ನದರಲ್ಲಿ ಅದು ಇರಲಿಲ್ಲ. ನೋಡಬೇಕು ಅಂತ ಯಾರು ಹೇಳಿಕೊಟ್ಟಿದ್ದರು?

ಊರಿಗೆ ವಾಪಸ್ ಹೋಗೋಕೆ ಮನಸ್ಸಾಗಲಿಲ್ಲ. ಬೆಂಗಳೂರಲ್ಲೇ ಸೆಕ್ಯೂರಿಟಿ ಕೆಲಸಕ್ಕೆ ಸೇರಿದೆ. ನಾಲ್ಕು ತಿಂಗಳು ಊರವರೆಲ್ಲ ನಾನು ಕತಾರಲ್ಲಿದ್ದೀನಿ ಅಂದುಕೊಂಡಿದ್ದರು. ಚಟ್ನಿಪುಡಿ ರೂಮಲ್ಲಿ ತಿಂದೆ. ದೂರು ಕೊಡಲಿಲ್ಲ, ಮರ್ಯಾದೆ ಹೋಗುತ್ತೆ ಅಂತ. ಅದೇ ಮನುಷ್ಯ ಆಮೇಲೆ ನಮ್ಮ ಪಕ್ಕದ ಹಳ್ಳಿಯ ಇಬ್ಬರ ಹತ್ತಿರವೂ ತಿಂದಿದ್ದಾನೆ. ನಾನು ಬಾಯಿ ಬಿಟ್ಟಿದ್ದರೆ ಅವರಾದ್ರೂ ಉಳೀತಿದ್ದರು. ಅದು ಈಗಲೂ ಚುಚ್ಚುತ್ತೆ.

ಚಳ್ಳಕೆರೆ_ಶೇಂಗಾ, ಮಂಗಳವಾರ ಸಂಜೆ 5:30

ದುಡ್ಡು ಹೋದರೆ ಪುಣ್ಯ ಅನ್ನೋ ಥರದ್ದೂ ಇದೆ. ದುಡ್ಡೇ ಕೇಳದೆ ಕರೆಯೋರು.

ನಮ್ಮ ಚಿಕ್ಕಪ್ಪನ ಮಗನಿಗೆ ಟೆಲಿಗ್ರಾಂನಲ್ಲಿ ಬಂದಿತ್ತು. ಥಾಯ್ಲೆಂಡಲ್ಲಿ ಡೇಟಾ ಎಂಟ್ರಿ, 80 ಸಾವಿರ ಸಂಬಳ, ಟಿಕೆಟ್ ಅವರದ್ದೇ. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ. "ಅವರೇ ಖರ್ಚು ಹಾಕ್ತಾರೆ ಅಂದ್ಮೇಲೆ ಮೋಸ ಎಲ್ಲಿಂದ?" ಅಂತ ಅವನ ವಾದ. ನಮಗೂ ಸರಿ ಅನ್ನಿಸಿತ್ತು ನೋಡಿ.

ಪುಣ್ಯಕ್ಕೆ ಅವನ ಲೆಕ್ಚರರೊಬ್ಬರು ತಡೆದರು. ಬ್ಯಾಂಕಾಕಿನಲ್ಲಿ ಇಳಿಸಿಕೊಂಡು ಗಡಿ ಊರಾದ ಮೇ ಸಾಟ್‌ಗೆ ಗಾಡಿಯಲ್ಲಿ ಕರ್ಕೊಂಡು ಹೋಗ್ತಾರೆ. ಅಲ್ಲಿಂದ ನದಿ ದಾಟಿದರೆ ಮ್ಯಾನ್ಮಾರಿನ ಮ್ಯಾವಡಿ. ಸುತ್ತ ಬೇಲಿ ಹಾಕಿದ ಕಟ್ಟಡ, ಪಾಸ್‌ಪೋರ್ಟ್ ಕಿತ್ತುಕೊಳ್ತಾರೆ, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ನಮ್ಮಂಥವರಿಗೇ ಆನ್‌ಲೈನ್ ಮೋಸ ಮಾಡೋ ಕೆಲಸ. ಮಾಡಲ್ಲ ಅಂದ್ರೆ ಹೊಡೆತ. 2025ರ ಮಾರ್ಚಲ್ಲಿ ವಾಯುಪಡೆಯ ವಿಮಾನ ಕಳಿಸಿ ಮೇ ಸಾಟ್‌ನಿಂದ 549 ಜನ ಭಾರತೀಯರನ್ನ ಕರೆತಂದರಲ್ಲ, ಅವರೆಲ್ಲ ಹೀಗೆ ಹೋಗಿ ಸಿಕ್ಕಿಕೊಂಡವರೇ. ಕಾಂಬೋಡಿಯಾ, ಲಾವೋಸ್ ಕಡೆಯೂ ಇದೇ ಕತೆ.

ಪ್ರವಾಸಕ್ಕೆ ಹೋಗೋ ಭಾರತೀಯರನ್ನ ಥಾಯ್ಲೆಂಡ್ 2023ರ ನವೆಂಬರಿನಲ್ಲಿ ವೀಸಾ ಇಲ್ಲದೆ ಒಳಗೆ ಬಿಡೋಕೆ ಶುರು ಮಾಡಿತು. ಆ ಸೌಲಭ್ಯವನ್ನೇ ಇವರು ಹಿಡಿದುಕೊಂಡಿದ್ದಾರೆ. ಕೆಲಸಕ್ಕೆ ಹೋಗೋನಿಗೆ "ವೀಸಾ ಬೇಡ" ಅಂದ್ರೆ ಅಲ್ಲೇ ಫೋನ್ ಇಟ್ಟುಬಿಡಿ.

ಚನ್ನಗಿರಿ_ಅಡಿಕೆ, ಮಂಗಳವಾರ ಸಂಜೆ 6:15

ಕಲಬುರಗಿ ಕಡೆಯ ಹುಡುಗರದ್ದು ಮರೆತಿರಾ? ರಷ್ಯಾದಲ್ಲಿ ಸೆಕ್ಯೂರಿಟಿ ಕೆಲಸ ಅಂತ ಹೋದರು, ಅಲ್ಲಿ ಸೈನ್ಯಕ್ಕೆ ಹಾಕಿ ಉಕ್ರೇನ್ ಯುದ್ಧದ ಗಡಿಗೆ ಕಳಿಸಿದರು. 2024ರ ಸೆಪ್ಟೆಂಬರಿನಲ್ಲಿ ವಾಪಸ್ ಬಂದರು. ಅವರನ್ನ ಸೆಳೆದಿದ್ದು ಒಂದು ಯೂಟ್ಯೂಬ್ ಚಾನೆಲ್.

ನಮ್ಮ ತಾಲ್ಲೂಕಿನ ಹಕ್ಕಿಪಿಕ್ಕಿ ಜನ 2023ರ ಏಪ್ರಿಲಲ್ಲಿ ಸುಡಾನ್ ಗಲಾಟೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಹುಣಸೂರು, ಶಿವಮೊಗ್ಗ ಕಡೆಯವರ ಜೊತೆ. ಅವರದ್ದು ಮೋಸದ ಕತೆ ಅಲ್ಲ, ಗಿಡಮೂಲಿಕೆ ಎಣ್ಣೆ ಮಾರೋಕೆ ಸ್ವಂತ ವ್ಯಾಪಾರಕ್ಕೆ ಹೋದವರು. ಆಪರೇಷನ್ ಕಾವೇರಿಯಲ್ಲಿ ಕರ್ಕೊಂಡು ಬಂದರು. ಆಗ ಕೆಲವರು "ಅಲ್ಲಿಗೆ ಯಾಕೆ ಸಾಯೋಕೆ ಹೋದರು" ಅಂತ ಬರೆದಿದ್ದರು. ಇಲ್ಲಿ ಹೊಟ್ಟೆ ತುಂಬಿದ್ದರೆ ಯಾರು ಹೋಗ್ತಾರೆ ಸ್ವಾಮಿ. ಮಂಡಕ್ಕಿ ಅಣ್ಣಾ, ನಿಮ್ಮ ಭಾಮೈದನಿಗೆ ಬಯ್ಯಬೇಡಿ, ಅದನ್ನ ಹೇಳೋಕೆ ಇಷ್ಟು ಬರೆದೆ.

ಮಂಡಕ್ಕಿ_ಮಿರ್ಚಿ, ಮಂಗಳವಾರ ರಾತ್ರಿ 9:10

ಬಯ್ಯಲ್ಲ ಅಣ್ಣಾ. ಇವತ್ತು ನಡೆದಿದ್ದು ಹೇಳ್ತೀನಿ.

ಬೆಳಿಗ್ಗೆ ಮುಂಬೈ ನಂಬರಿಗೆ ಫೋನ್ ಮಾಡಿದೆ. ನನ್ನ ಹಿಂದಿ ಕೇಳಿದರೆ ನೀವು ನಗ್ತೀರಿ. ಆ ಕಡೆ ಒಬ್ಬ ಹೆಣ್ಣುಮಗಳು ಸಮಾಧಾನವಾಗಿ ಕೇಳಿಸಿಕೊಂಡರು. "ನಮಗೆ ಕರ್ನಾಟಕದಲ್ಲಿ ಶಾಖೆಯೇ ಇಲ್ಲ. ನಮ್ಮ ನಂಬರ್ ಬಳಸಿಕೊಂಡಿದ್ದಾರೆ ಅಂತ ಫೋನ್ ಮಾಡಿದವರಲ್ಲಿ ಈ ತಿಂಗಳು ನೀವು ಮೂರನೆಯವರು" ಅಂದರು. ಕಾಲು ಕೆಳಗಿನ ನೆಲ ಜಾರಿದ ಹಾಗಾಯ್ತು.

ಆಮೇಲೆ ಆಫರ್ ಲೆಟರನ್ನ ಮೊಬೈಲಲ್ಲಿ ದೊಡ್ಡದು ಮಾಡಿ ನೋಡಿದೆ. ಇಷ್ಟು ದಿನ ಯಾಕೆ ನೋಡಲಿಲ್ಲವೋ. ಕಾಗದ ಒಂಚೂರು ಹಳದಿ, ಆದರೆ ಭಾಮೈದನ ಹೆಸರಿನ ಸುತ್ತ ಮಾತ್ರ ಅಚ್ಚ ಬಿಳಿ ಚೌಕ. ಯಾರದ್ದೋ ಹೆಸರು ಅಳಿಸಿ ಇವನದ್ದು ಕೂರಿಸಿದ್ದಾರೆ. ಹುಟ್ಟಿದ ತಾರೀಖು ಬದಲಾಯಿಸೋಕೆ ಮರೆತಿದ್ದಾರೆ. ಅದರ ಪ್ರಕಾರ ಇವನಿಗೆ ಈಗ 41 ವರ್ಷ!

ಲೆಟರ್ ತೋರಿಸಿದರೂ ಅತ್ತೆ ನಂಬಲಿಲ್ಲ. "ಟೈಪ್ ಮಾಡೋನು ತಪ್ಪು ಮಾಡಿರ್ತಾನೆ" ಅಂದರು. ನಂಬರ್ ಕೊಟ್ಟ ಆ ಸಂಬಂಧಿಕರು ಫೋನಲ್ಲಿ "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಸಿಟ್ಟಾದರು. ದುಬೈಗೆ ಹೋಗೋರ ಪಟ್ಟಿಯಲ್ಲಿ ಅವರ ಮಗನ ಹೆಸರೂ ಇದೆಯಂತೆ, ಅವರೂ 40 ಸಾವಿರ ಕೊಟ್ಟಿದ್ದಾರೆ. ಹಾಗಾಗಿ ಅವರು ಮೋಸಗಾರರಲ್ಲ. ಅದೇ ದೊಡ್ಡ ತಲೆನೋವು. ಕಳ್ಳನಾಗಿದ್ದರೆ ಜಗಳ ಆಡಬಹುದಿತ್ತು.

ಅತ್ತೆಗೆ ಅರ್ಥ ಆಗೋ ಹಾಗೆ ಹೇಗೆ ಹೇಳಲಿ?

ಸೈಬರ್_ಸೆಂಟರ್_ಅಕ್ಕ, ಮಂಗಳವಾರ ರಾತ್ರಿ 9:55

ಮನುಷ್ಯ ಒಳ್ಳೆಯವನಾ ಕೆಟ್ಟವನಾ ಅನ್ನೋ ಮಾತೇ ಎತ್ತಬೇಡಿ. "ಅತ್ತೆ, ರಸೀದಿ ಕೊಡಿಸಿ, ಕೊಟ್ಟ ದಿನವೇ ಬಾಕಿ ಕಟ್ಟೋಣ" ಅನ್ನಿ. ಸಂಘದಲ್ಲಿ ನೂರು ರೂಪಾಯಿ ಕಟ್ಟಿದರೂ ಪುಸ್ತಕದಲ್ಲಿ ಬರೆಸಿಕೊಂಡು ಬರ್ತಾರಲ್ಲ, ಅವರಿಗೆ ಇದು ಅರ್ಥ ಆಗುತ್ತೆ.

ಇನ್ನೊಂದು ಮಾತು. ನಿಮ್ಮ ಭಾಮೈದ ಎಸ್ಸೆಸ್ಸೆಲ್ಸಿ ಪಾಸ್ ಅಲ್ವಾ? ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಅಂತ ಬೀಳುತ್ತೆ. ಅವರು ಸೌದಿ, ಕುವೈತ್, ಯುಎಇ, ಮಲೇಷ್ಯಾ ಹೀಗೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಂದ್ರೆ ಮೊದಲು ವಲಸೆ ಅನುಮತಿ ಪಡೀಬೇಕು. ಅಲ್ಲಿ ಕಾಗದಪತ್ರ ನೋಡ್ತಾರೆ, ಪ್ರವಾಸಿ ಭಾರತೀಯ ಬಿಮಾ ಯೋಜನೆ ಅನ್ನೋ 10 ಲಕ್ಷದ ವಿಮೆ ಮಾಡಿಸಲೇಬೇಕು. ಎರಡು ವರ್ಷಕ್ಕೆ 275 ರೂಪಾಯಿ ಅಷ್ಟೇ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಈ ಅನುಮತಿ ಬೇಕಿಲ್ಲ. ಹಾಗಾಗಿ ತಡೆಯೋರು ಯಾರೂ ಇಲ್ಲ. ಓದಿದವರು ಜಾಸ್ತಿ ಸಿಕ್ಕಿಬೀಳೋದು ಇದಕ್ಕೇ ಅಂತ ನನ್ನ ಅನಿಸಿಕೆ.

ಹೆಣ್ಣುಮಕ್ಕಳ ಕತೆ ಇನ್ನೂ ಕಷ್ಟ. ಇಸಿಆರ್ ಪಾಸ್‌ಪೋರ್ಟ್ ಇರೋ, 30 ವರ್ಷ ತುಂಬದ ಹೆಣ್ಣುಮಕ್ಕಳಿಗೆ ಆ ದೇಶಗಳ ಕೆಲಸಕ್ಕೆ ಅನುಮತಿಯೇ ಇಲ್ಲ. ಅದಕ್ಕೆ ಏಜೆಂಟರು ವಿಸಿಟ್ ವೀಸಾದಲ್ಲಿ ದಾಟಿಸ್ತಾರೆ. ಹೋದ ವರ್ಷ ಹಿರಿಯೂರು ಕಡೆಯ ಒಬ್ಬಳು ಬಂದಿದ್ದಳು, 27 ವರ್ಷ, ಎರಡು ಮಕ್ಕಳು. ಕುವೈತಲ್ಲಿ ಮನೆಕೆಲಸ ಅಂತ ಏಜೆಂಟ್ ಹೇಳಿದ್ದಾನೆ. "ಏರ್‌ಪೋರ್ಟಲ್ಲಿ ಕೇಳಿದರೆ ಅಕ್ಕನ ಮನೆಗೆ ಹೋಗ್ತಿದ್ದೀನಿ ಅನ್ನು" ಅಂತ ಪಾಠ ಮಾಡಿದ್ದಾನೆ. ಅವಳಿಗೆ ಅಕ್ಕನೇ ಇಲ್ಲ. ಅದನ್ನ ಹೇಳ್ತಾ ಅವಳೇ ನಕ್ಕಳು, ನಾನೂ ನಕ್ಕೆ. ಆಮೇಲೆ ಇಬ್ಬರೂ ಸುಮ್ಮನಾದೆವು. ಸುಳ್ಳು ಹೇಳಿ ಹೋದ ಮೇಲೆ ಅಲ್ಲಿ ಹೊಡೆದರೂ ಬಡಿದರೂ ಯಾರಿಗೆ ಹೇಳ್ತೀಯಾ ಅಂತ ಕೇಳಿದೆ. ಅರ್ಜಿ ತುಂಬಿಸದೆ ಎದ್ದು ಹೋದಳು. ಬೇರೆ ಕಡೆ ತುಂಬಿಸಿರಲೂಬಹುದು.

ಪಿಬಿರೋಡ್_ಪಂಡಿತ, ಮಂಗಳವಾರ ರಾತ್ರಿ 10:30

ಸರಿ, ನನ್ನ ಮಾತು ವಾಪಸ್. ಹುಟ್ಟಿದ ತಾರೀಖಿನದ್ದು ಓದಿ ನನಗೇ ಮೈ ಉರೀತು. ಮಂಡಕ್ಕಿ ಅವರೇ, ನಾಳೆ ಆ ಆಫೀಸಿಗೆ ಒಬ್ಬರೇ ಹೋಗಬೇಡಿ. ನಾನು ಹತ್ತಿರದಲ್ಲೇ ಇರ್ತೀನಿ, ಬರ್ತೀನಿ. ಮೆಸೇಜ್ ಹಾಕಿ.

ಶಾರ್ಜಾದಿಂದ_ಹೊನ್ನಾಳಿ, ಬುಧವಾರ ಬೆಳಿಗ್ಗೆ 6:40

ಹೋದಾಗ ಮೊದಲು ಪಾಸ್‌ಪೋರ್ಟ್ ಕೇಳಿ, ದುಡ್ಡಿನ ಸುದ್ದಿ ಆಮೇಲೆ. ದುಡ್ಡು ಕೇಳಿದರೆ ಪಾಸ್‌ಪೋರ್ಟ್ ಹಿಡಿದುಕೊಂಡು ಆಟ ಆಡ್ತಾರೆ. "ಬ್ಯಾಂಕಲ್ಲಿ ಸಾಲಕ್ಕೆ ಒರಿಜಿನಲ್ ತೋರಿಸಬೇಕಂತೆ, ಮಧ್ಯಾಹ್ನ ವಾಪಸ್ ಕೊಡ್ತೀನಿ" ಅನ್ನಿ. ಅವರು ಸುಳ್ಳು ಹೇಳಬಹುದು, ನಾವು ಒಂದು ಹೇಳಬಾರದಾ?

ಮಂಡಕ್ಕಿ_ಮಿರ್ಚಿ, ಗುರುವಾರ ರಾತ್ರಿ 8:20

ಪಾಸ್‌ಪೋರ್ಟ್ ಬಂತು! ಶಾರ್ಜಾ ಅಣ್ಣ, ನಿಮ್ಮ ಸುಳ್ಳು ಕೆಲಸ ಮಾಡಿತು. ಸಾಲ ಅಂದ ತಕ್ಷಣ ಡ್ರಾಯರ್ ತೆಗೆದು ಕೊಟ್ಟ. ಡ್ರಾಯರಲ್ಲಿ ಇನ್ನೂ ಹತ್ತು ಹದಿನೈದು ಪಾಸ್‌ಪೋರ್ಟ್ ಇದ್ದವು, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ, ಇಸ್ಪೀಟ್ ಕಟ್ಟಿನ ಹಾಗೆ.

ಗೋಡೆ ಮೇಲಿನ ಸರ್ಟಿಫಿಕೇಟ್ ಓದಿದೆ ಅಕ್ಕಾ. ಜಿಎಸ್‌ಟಿ ಮತ್ತು ಉದ್ಯಮ್. ನೀವು ಹೇಳಿದ್ದೇ.

ಪಾಸ್‌ಪೋರ್ಟ್ ಜೇಬಿಗೆ ಇಟ್ಟ ಮೇಲೆ ರಸೀದಿ ಕೇಳಿದೆ. ಮೊದಲು ನಕ್ಕ. ಆಮೇಲೆ "ಮುಂಬೈಯಿಂದ ಬರುತ್ತೆ" ಅಂದ. ಮುಂಬೈಗೆ ನಾನು ಫೋನ್ ಮಾಡಿದ್ದೀನಿ ಅಂದಾಗ ಮುಖದ ಬಣ್ಣ ಬದಲಾಯ್ತು. ಪಂಡಿತರು ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು, ಏನೂ ಮಾತಾಡಲಿಲ್ಲ, ಅಷ್ಟೇ ಸಾಕಾಯ್ತು. (ಇಲ್ಲಿ ಬರೆಯೋದಕ್ಕಿಂತ ನೋಡೋಕೆ ಎರಡು ಪಟ್ಟು ಇದ್ದಾರೆ.) ಅಲ್ಲೇ 25 ಸಾವಿರ ವಾಪಸ್ ಫೋನ್‌ಪೇ ಮಾಡಿದ. ಉಳಿದ 15 ಸೋಮವಾರ ಅಂದ. ಸೋಮವಾರ ಆ ಬಾಗಿಲು ತೆಗೆದಿರುತ್ತೆ ಅನ್ನೋ ನಂಬಿಕೆ ನನಗಿಲ್ಲ.

ಅಲ್ಲಿಂದ ಸೀದಾ ಸಿಇಎನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ ನೋಡೋ ಪೊಲೀಸ್ ಠಾಣೆ) ಹೋದೆವು. ಅದಕ್ಕೂ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೆ. ಫೋನ್‌ಪೇ ವಿವರ, ವಾಟ್ಸಾಪ್ ಮಾತು, ಲೆಟರ್, ಬೋರ್ಡಿನ ಫೋಟೊ ಎಲ್ಲ ಕೊಟ್ಟಿದ್ದೀನಿ. ವಲಸೆ ಕಾಯ್ದೆಯಲ್ಲಿ ಶಿಕ್ಷೆ 2 ವರ್ಷದವರೆಗೆ ಜೈಲು, ದಂಡ 2,000 ರೂಪಾಯಿವರೆಗೆ ಅಂತೆ. ಎರಡು ಸಾವಿರ! 1983ರಲ್ಲಿ ದೊಡ್ಡ ಮೊತ್ತ ಆಗಿತ್ತೇನೋ. ವಂಚನೆಯ ಕೇಸು ಬೇರೆ ಹಾಕಬಹುದು ಅಂತ ಹೇಳಿದರು.

ಆ ಡ್ರಾಯರಿನ ಪಾಸ್‌ಪೋರ್ಟುಗಳ ವಿಷಯವನ್ನೂ ಬರೆದುಕೊಂಡಿದ್ದಾರೆ. ಸಂಬಂಧಿಕರು ಮಾತ್ರ ಇನ್ನೂ ಫೋನ್ ಎತ್ತುತ್ತಿಲ್ಲ. ಎಮ್ಮೆ ಕೊಟ್ಟಿಗೆಯಲ್ಲೇ ಇದೆ.

ಜಗಳೂರು_ಬಯಲು, ಗುರುವಾರ ರಾತ್ರಿ 8:45

ಅಣ್ಣಾ, ನನ್ನದು ಎರಡು ವರ್ಷ ಹಳೇದು. ಈಗ ದೂರು ಕೊಟ್ಟರೆ ತಗೋತಾರಾ?

ಸೈಬರ್_ಸೆಂಟರ್_ಅಕ್ಕ, ಗುರುವಾರ ರಾತ್ರಿ 9:00

ಕೊಡು ತಮ್ಮಾ. ಬ್ಯಾಂಕಿಂದ ಹಣ ಕಳಿಸಿದ ವಿವರ ತೆಗೆಸಿಕೋ, ಆ ಟಿಕೆಟ್ ಫೋಟೊ ಹುಡುಕು. ಪಕ್ಕದ ಹಳ್ಳಿಯ ಆ ಇಬ್ಬರನ್ನೂ ಜೊತೆಗೆ ಕರ್ಕೊಂಡು ಹೋಗು. ಬರೆಯೋಕೆ ಕಷ್ಟ ಆದರೆ ದುರ್ಗಕ್ಕೆ ಬಾ, ನಾನು ಬರೆದುಕೊಡ್ತೀನಿ. ದುಡ್ಡು ಬೇಡ, ಚಟ್ನಿಪುಡಿ ತಗೊಂಡು ಬಾ.

ಚಳ್ಳಕೆರೆ_ಶೇಂಗಾ, ಗುರುವಾರ ರಾತ್ರಿ 9:20

ವಿದೇಶಕ್ಕೆ ಹೋಗೋರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ, ಇಲ್ಲಿಂದ ಮಾಡೋದಾದ್ರೆ 1800 11 3090. ಯುಎಇ ಒಳಗಿಂದ ಆದರೆ 800 46342. ಮೊಬೈಲಲ್ಲಿ ಮಾತ್ರ ಅಲ್ಲ, ಚೀಟಿಯಲ್ಲೂ ಬರೆಯಿರಿ. ಮೊಬೈಲ್ ಕಿತ್ತುಕೊಳ್ತಾರೆ.

ಹರಿಹರ_ವೆಲ್ಡರ್ (ಹೊಸ ಸದಸ್ಯ), ಶನಿವಾರ ಮಧ್ಯಾಹ್ನ 3:10

ಎಲ್ಲರಿಗೂ ನಮಸ್ಕಾರ. ಮಂಡಕ್ಕಿ ಮಿರ್ಚಿ ನಮ್ಮ ಭಾವ. ಇಷ್ಟೂ ಓದಿದೆ. ಎಲ್ಲರಿಗೂ ಥ್ಯಾಂಕ್ಸ್.

ನನಗೆ ಇನ್ನೂ ಹೋಗೋ ಆಸೆ ಇದೆ. ಬಯ್ಯಬೇಡಿ. ಶಾರ್ಜಾ ಅಣ್ಣಾ, ನೀವು ಹೇಳಿದ 6ಜಿ ನಾನು ಯಾವತ್ತೂ ಮಾಡಿಲ್ಲ. ನಮ್ಮಲ್ಲಿ ಎಲ್ಲ ಟೇಬಲ್ ಮೇಲಿಟ್ಟು ಮಾಡೋ ಕೆಲಸ. ಕಲಿಯೋಕೆ ಎಷ್ಟು ದಿನ ಬೇಕು? ಸರ್ಕಾರದ ಕಡೆಯಿಂದ ಕಳಿಸೋ ವ್ಯವಸ್ಥೆ ಇದೆಯಾ?

ಸೈಬರ್_ಸೆಂಟರ್_ಅಕ್ಕ, ಶನಿವಾರ ಸಂಜೆ 4:00

ಇದೆಯಪ್ಪಾ. ಬೆಂಗಳೂರಲ್ಲಿ ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಅದು ಸರ್ಕಾರದ್ದೇ ನೇಮಕಾತಿ ಸಂಸ್ಥೆ. ವೆಲ್ಡರುಗಳನ್ನ ಯಾವಾಗ ಕರೀತಾರೆ ಅಂತ ಅವರ ಪ್ರಕಟಣೆ ನೋಡ್ತಾ ಇರಬೇಕು. ಬಂದರೆ ಇಲ್ಲೇ ಹಾಕ್ತೀನಿ.

ಶಾರ್ಜಾದಿಂದ_ಹೊನ್ನಾಳಿ, ಶನಿವಾರ ರಾತ್ರಿ 10:30

ಬಯ್ಯೋದು ಯಾಕೆ, ನಾನೂ ಹಾಗೇ ಬಂದವನು.

ಗುಜರಿಯಲ್ಲಿ 6 ಇಂಚಿನ ಪೈಪಿನ ತುಂಡು ತಗೋ. ಹೊಸದು ಬೇಡ, ದುಡ್ಡು ಹಾಳು. ಅಂಚನ್ನ ಗ್ರೈಂಡರಲ್ಲಿ ಓರೆ ಮಾಡು. ಎರಡು ತುಂಡನ್ನ ಗೋಡೆಗೆ 45 ಡಿಗ್ರಿಯಲ್ಲಿ ಬಿಗಿ, ಎದೆ ಎತ್ತರಕ್ಕೆ. ಮೊದಲ ತಿಂಗಳು ಒಳಪದರ ಮಾತ್ರ ಅಭ್ಯಾಸ ಮಾಡು, ಮೇಲಿನದ್ದು ಆಮೇಲೆ ತಾನಾಗೇ ಬರುತ್ತೆ. ಬೆಸೆದ ಮೇಲೆ ಕೊಯ್ದು ಒಳಗೆ ನೋಡು. ಅರ್ಗಾನ್ ವೆಲ್ಡಿಂಗ್ ಎಲ್ಲಾದ್ರೂ ಕಲಿಯೋಕೆ ಸಿಕ್ಕಿದರೆ ಬಿಡಬೇಡ. ಎಡಗೈಯಲ್ಲೂ ಹಿಡಿದು ಕಲಿ, ಪೈಪಿನ ಹಿಂಬದಿಗೆ ಬಲಗೈ ಹೋಗಲ್ಲ.

ಭಾನುವಾರ ಫೋಟೊ ಹಾಕು, ನೋಡ್ತೀನಿ. ಒಳಭಾಗದ ಫೋಟೊ. ಹೊರಗಿಂದ ಎಲ್ಲರದ್ದೂ ಚೆನ್ನಾಗೇ ಕಾಣುತ್ತೆ.